ಭಾವವಿದ್ದರೆ ಸ್ವರವೇಕೆ?

ಚೌತಿಯು ಸಮೀಪಿಸುತ್ತಲೇ ಮ್ಹಾಪಸಾ ಪೇಟೆಯ ಶುಕ್ರವಾರದ ಸಂತೆಗೆ ಘುಮಟೆಗಳು ಬರುತ್ತವೆ. ಗೋವೆಯು 2019ರಲ್ಲಿ ತನ್ನ ಪಾರಂಪರಿಕ ವಾದ್ಯವೆಂದು ಘೋಷಿಸಿದುದು ಈ ಮಣ್ಣಿನ ವಾದ್ಯವನ್ನೇ. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರು ಬಾರಿಸುವ ಗುಮಟೆಯೂ ಇದರದೇ ಜಾತಿ. ಹಿಂದೆ ಇದಕ್ಕೆ ಉಡದ ಚರ್ಮವನ್ನು ಬಿಗಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಅದು ನಿಷಿದ್ಧವಾಗಿ ಆಡಿನ ಚರ್ಮವು ಬಂದಿತು, ಒಳ್ಳೆಯದೇ ಆಯಿತು. ಬಲಗೈಯು ದೊಡ್ಡ ಬಾಯಿಯ ಚರ್ಮವನ್ನು ಬಾರಿಸುವಾಗ ಎಡಗೈಯು ಹಿಂದಿನ ಚಿಕ್ಕ ಬಾಯನ್ನು ಮುಚ್ಚಿ ತೆರೆದು ನಾದವನ್ನು ತಿದ್ದುತ್ತದೆ. ನೋಡುವವರ ಕಣ್ಣಿಗೆ ಬೀಳುವುದು ಬಲಗೈ. ಕಲಿಯುವವನು ಪಳಗಿಸಬೇಕಾದುದು ಎಡಗೈ.

ಇಷ್ಟು ಶ್ರಮವೇಕೆಂದು ಕೇಳುವವರುಂಟು. ದೇವರು ಭಾವಪ್ರಿಯನು, ತಪ್ಪಿದ ಸ್ವರವನ್ನೂ ಮನ್ನಿಸುವನು. ಆದುದರಿಂದ ಭಜನೆಗೆ ಬರುವವನು ಮನೆಯಲ್ಲಿ ಸ್ವರಾಭ್ಯಾಸ ಮಾಡಬೇಕಾಗಿಲ್ಲವೆಂಬುದು ಅವರ ವಾದ. ಇದರ ಮೊದಲ ಭಾಗವನ್ನು ಯಾರೂ ಅಲ್ಲಗಳೆಯಲಾರರು. ಆದರೆ ದೇವರ ಕ್ಷಮೆಯನ್ನು ಮುಂಗಡವಾಗಿ ಜಮೆ ಹಿಡಿದು, ತನ್ನ ಸೋಮಾರಿತನವನ್ನು ಅದರ ಎದುರಿಗೆ ಖರ್ಚು ಬರೆಯುವುದು ಎಲ್ಲಿಯ ನ್ಯಾಯ? ಅಲ್ಲದೆ ಭಜನೆಯಲ್ಲಿ ಕುಳಿತವನು ಅವನೊಬ್ಬನೇ ಅಲ್ಲ. ಅವನ ಶ್ರುತಿ ತಪ್ಪಿದರೆ ಪಕ್ಕದವನದೂ ತಪ್ಪುತ್ತದೆ. ಅವನ ತಾಳ ಓಡಿದರೆ ವೃದ್ಧರು ಹಿಂದುಳಿಯುತ್ತಾರೆ. ಇವರ ಕ್ಷಮೆಯನ್ನು ಕೇಳಿದವರಾರು?

ನಿಜವಾದ ಅಡ್ಡಿ ಲಜ್ಜೆಯದು. ನರೆತ ತಲೆಯವನು ಹುಡುಗರಂತೆ ಸರಿಗಮಕ್ಕೆ ಮರಳುವುದೆಂತು? ಗೋವೆಯ ಕೇರಿ ಗ್ರಾಮದಲ್ಲಿ 1892ರಲ್ಲಿ ಜನಿಸಿದ ಕೇಸರಬಾಯಿ ಕೇರ್ಕರರು ಬೇರೆ ಗುರುಗಳಲ್ಲಿ ಕಲಿತಿದ್ದರೂ 1921ರಲ್ಲಿ ಉಸ್ತಾದ್ ಅಲ್ಲಾದಿಯಾ ಖಾನರ ಶಿಷ್ಯೆಯಾದರು. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರೂ ಮಿರಜದ ನೀಲಕಂಠಬುವಾರಲ್ಲಿ ಕಲಿತು ಹೆಸರು ಪಡೆದ ಮೇಲೆ, ಆ ಖಾನಸಾಹೇಬರ ಪುತ್ರ ಮಂಜಿಖಾನರ ಮುಂದೆ ಶಿಷ್ಯರಾಗಿ ಕುಳಿತರು. ಕೇಸರಬಾಯಿಯವರ ಭೈರವಿಯನ್ನು ಹೊತ್ತು ವಾಯೇಜರ್ ನೌಕೆಯು 1977ರಲ್ಲಿ ಅಂತರಿಕ್ಷಕ್ಕೆ ಹೋದುದನ್ನು ಅನೇಕರು ಬಲ್ಲರು. ಮುಚ್ಚಿದ ಬಾಗಿಲ ಹಿಂದಿನ ಆಕೆಯ ಅಭ್ಯಾಸವನ್ನು ಕೇಳಿದವರು ಎಷ್ಟು ಮಂದಿ?

ಹಗಲೆಲ್ಲ ಕಲ್ಲುಮಣ್ಣು ಹೊತ್ತು ಸಂಜೆ ದೇವಾಲಯಕ್ಕೆ ಬರುವ ಶ್ರಮಜೀವಿಯ ಮಾತು ಬೇರೆ. ಅವನಿಗೆ ಅಭ್ಯಾಸಕ್ಕೆ ಹೊತ್ತಿಲ್ಲ. ಅವನನ್ನು ಹಿಂದಿನ ಸಾಲಿಗೆ ತಳ್ಳುವುದು ಅಪಸ್ವರಕ್ಕಿಂತ ದೊಡ್ಡ ದೋಷ. ಭಜನೆಗೆ ಮೊದಲು ಕಾಲು ಗಂಟೆ ಅವನನ್ನು ಹತ್ತಿರ ಕೂಡಿಸಿಕೊಂಡು ಷಡ್ಜವನ್ನು ಹಿಡಿದು ತೋರಿಸುವುದು ಬಲ್ಲವರ ಪಾಲಿನ ಕೆಲಸ. ಆ ಹೊತ್ತಿಗೆ ಹಾರ್ಮೋನಿಯಂ ಮುಚ್ಚಿಯೇ ಇರಲಿ, ತಂಬೂರಿಯೊಂದು ಸಾಕು.