ರಸಪ್ರಶ್ನೆಯ ರಾತ್ರಿ ಮತ್ತು ದಾನದ ಲೆಕ್ಕ

ದೇವಪೂಜೆ, ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪಸ್ಸುಗಳೊಡನೆ ದಾನವನ್ನೂ ಸೇರಿಸಿ ಆಚಾರ್ಯರು ಗೃಹಸ್ಥನ ಷಟ್ಕರ್ಮಗಳನ್ನು ಹೇಳಿದ್ದಾರೆ. ಆದುದರಿಂದ ದಾನವು ಸಿರಿವಂತರ ಔದಾರ್ಯ ಮಾತ್ರವಲ್ಲ, ಪ್ರತಿಯೊಬ್ಬ ಶ್ರಾವಕನ ನಿತ್ಯ ಕರ್ತವ್ಯ. ಈಚೆಗೆ ಧರ್ಮಕಾರ್ಯಗಳಿಗೆ ಹಣ ಕೂಡಿಸಲು ರಸಪ್ರಶ್ನೆಯ ರಾತ್ರಿಯಂತಹ ಕಾರ್ಯಕ್ರಮಗಳನ್ನು ಏರ್ಪಡಿಸುವ ಪದ್ಧತಿ ಬೆಳೆದಿದೆ. ಟಿಕೆಟು ಕೊಂಡವರು ತಂಡ ಕಟ್ಟಿಕೊಂಡು ಉತ್ತರಿಸುತ್ತಾರೆ. ಉಳಿದ ಹಣ ರೋಗಿಗಳಿಗೋ ವಿದ್ಯಾರ್ಥಿಗಳಿಗೋ ಸಲ್ಲುತ್ತದೆ. ಹೀಗೆ ನಗುತ್ತ ಆಡುತ್ತ ಕೊಟ್ಟ ಹಣ ದಾನವೆನಿಸುವುದೇ?

ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ವಿಶೇಷದಿಂದ ದಾನದ ಫಲ ಬೇರೆಯಾಗುವುದೆಂಬುದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ಅಭಿಪ್ರಾಯ. ಈ ನಾಲ್ಕನ್ನೇ ಒರೆಗಲ್ಲಾಗಿ ಇಟ್ಟುಕೊಂಡು ವಿಚಾರಿಸಬಹುದು.

ಮೊದಲನೆಯದು ವಿಧಿ. ರಾತ್ರಿಭೋಜನ ತ್ಯಾಗವನ್ನು ಪಾಲಿಸುವ ಸಮಾಜದಲ್ಲಿ ‘ರಾತ್ರಿ’ಯ ಕಾರ್ಯಕ್ರಮವೆಂದೊಡನೆ ಉಪಾಹಾರದ ಪ್ರಶ್ನೆ ಏಳುತ್ತದೆ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸಿ ಪ್ರಾರಂಭಿಸಬೇಕು, ಇಲ್ಲವೇ ಹಗಲಿನಲ್ಲಿಯೇ ನಡೆಸಬೇಕು. ಧರ್ಮಕ್ಕೆ ಹಣ ಕೂಡಿಸಲು ವ್ರತವನ್ನು ಸಡಿಲಿಸುವುದು ಬಡ್ಡಿಯಾಸೆಗೆ ಅಸಲು ಕಳೆದುಕೊಂಡಂತೆ. ಪ್ರವೇಶಧನವನ್ನೇ ಒಟ್ಟುಗೂಡಿಸಿ ಗೆದ್ದವರಿಗೆ ಹಂಚುವ ಏರ್ಪಾಡೂ ಸಲ್ಲದು. ಸಪ್ತವ್ಯಸನಗಳಲ್ಲಿ ಮೊದಲು ಎಣಿಸುವ ದ್ಯೂತದ ನೆರಳು ಅದರ ಮೇಲೆ ಬೀಳುತ್ತದೆ. ದೂರದರ್ಶನದ ಚಂದನ ವಾಹಿನಿಯಲ್ಲಿ 2002ರಲ್ಲಿ ಪ್ರಾರಂಭವಾದ ‘ಥಟ್ ಅಂತ ಹೇಳಿ’ ಕಾರ್ಯಕ್ರಮವು ಸರಿಯುತ್ತರಕ್ಕೆ ಪುಸ್ತಕವನ್ನು ಬಹುಮಾನವಾಗಿ ಕೊಟ್ಟು ಜನಪ್ರಿಯವಾಯಿತು. ಹಣದಾಸೆಯಿಲ್ಲದೆಯೂ ಜನ ಆಸಕ್ತಿಯಿಂದ ಸೇರುವರೆಂಬುದಕ್ಕೆ ಇದೇ ಸಾಕ್ಷಿ.

ಎರಡನೆಯದು ದ್ರವ್ಯ. ಶಿಕಾರಿಪುರದಲ್ಲಿಯೋ ಸೊರಬದಲ್ಲಿಯೋ ಒಂದು ಬಸದಿಯ ಟ್ರಸ್ಟು ನೂರು ರೂಪಾಯಿಯ ನೂರು ಟಿಕೆಟು ಮಾರಿತೆಂದು ಭಾವಿಸೋಣ. ಬಂದದ್ದು 10,000 ರೂಪಾಯಿ. ಸಭಾಂಗಣ, ಧ್ವನಿವರ್ಧಕ, ಉಪಾಹಾರ, ಬಹುಮಾನಗಳಿಗೆ 8,000 ಹೋದರೆ ರೋಗಿಗೆ ಮುಟ್ಟುವುದು 2,000 ಮಾತ್ರ. ಆಗ ಕರಪತ್ರದಲ್ಲಿ ‘ರೋಗಿಗಳ ಸಹಾಯಾರ್ಥ’ ಎಂದು ಅಚ್ಚು ಮಾಡಿಸುವುದು ಸತ್ಯಾಣುವ್ರತಕ್ಕೆ ಒಪ್ಪುವುದೇ? ಖರ್ಚನ್ನು ಕೆಲವರು ಮೊದಲೇ ವಹಿಸಿಕೊಂಡು, ಟಿಕೆಟಿನ ಹಣ ಪೂರ್ಣವಾಗಿ ರೋಗಿಗೆ ಸಲ್ಲುವಂತೆ ಮಾಡುವುದು ಲೇಸು. ಅದಾಗದಿದ್ದರೆ ಜಮಾಖರ್ಚಿನ ಪಟ್ಟಿಯನ್ನು ಬಸದಿಯ ಫಲಕದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕು.

ಮೂರನೆಯದು ದಾತೃ. ಇಲ್ಲಿ ನಿಷ್ಠುರವಾದ ಮಾತೊಂದನ್ನು ಹೇಳಲೇಬೇಕು. ನೂರು ರೂಪಾಯಿ ತೆತ್ತು ನೂರು ರೂಪಾಯಿಯ ವಿನೋದವನ್ನು ಪಡೆದವನು ಮಾಡಿದ್ದು ವ್ಯಾಪಾರ; ಅದು ದೋಷವಲ್ಲ, ಆದರೆ ದಾನವೂ ಅಲ್ಲ. ಪ್ರತಿಫಲ ಬಯಸದೆ ಬಿಟ್ಟುಕೊಟ್ಟದ್ದಷ್ಟೇ ದಾನ. ಹತ್ತು ರಾತ್ರಿ ಕುಳಿತು ಪ್ರಶ್ನೆಗಳನ್ನು ಸಿದ್ಧಪಡಿಸಿದ ಉಪಾಧ್ಯಾಯ, ಕುರ್ಚಿ ಜೋಡಿಸಿದ ತರುಣ, ಹೆಸರು ಹೇಳದೆ ಹುಂಡಿಗೆ ಹಣ ಹಾಕಿದ ಗೃಹಿಣಿ ಇವರೇ ಅಂದಿನ ದಾನಿಗಳು. ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡವರು ಮಾನಕಷಾಯಕ್ಕೆ ಎಷ್ಟು ಸಂದಿತೆಂಬುದನ್ನು ತಮ್ಮ ಮನಸ್ಸಿನಲ್ಲಿ ಲೆಕ್ಕ ಹಾಕಿಕೊಳ್ಳಬೇಕು.

ನಾಲ್ಕನೆಯದು ಪಾತ್ರ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಮಠವನ್ನು ವರ್ಣಿಸುವ 1162ರ ಶಾಸನ ಇಲ್ಲಿ ಸ್ಮರಣೀಯ. ಆ ಶೈವ ಮಠದಲ್ಲಿ ವೇದ ವ್ಯಾಕರಣಗಳೊಡನೆ ಬೌದ್ಧವೂ ಸೇರಿದಂತೆ ವಿವಿಧ ದರ್ಶನಗಳ ವ್ಯಾಖ್ಯಾನವೂ ನಡೆಯುತ್ತಿತ್ತು. ದೀನರಿಗೆ, ಅಂಧರಿಗೆ, ಬಧಿರರಿಗೆ ಅನ್ನವೂ, ರೋಗಿಗಳಿಗೆ ಚಿಕಿತ್ಸೆಯೂ ದೊರೆಯುತ್ತಿದ್ದವು. ವಿದ್ಯೆಯೂ ಕರುಣೆಯೂ ಒಂದೇ ಸೂರಿನಡಿ ಇರಬಹುದೆಂಬುದನ್ನು ಈ ನೆಲ ಎಂಟು ನೂರು ವರ್ಷಗಳ ಹಿಂದೆಯೇ ಕಂಡಿತ್ತು. ಆದರೆ ಇಂದು ನೆರವು ಪಡೆಯುವ ಬಾಲಕನನ್ನು ಸಭೆಯಲ್ಲಿ ನಿಲ್ಲಿಸಿ, ಚಪ್ಪಾಳೆಯ ನಡುವೆ ಲಕೋಟೆ ಕೊಡುವುದುಂಟು. ಅದು ಅವನ ಮನಸ್ಸಿಗೆ ಹಿಂಸೆ. ಹಣ ಅವನ ಮನೆಗೆ ಸದ್ದಿಲ್ಲದೆ ತಲುಪಲಿ.

ಹಾಗಾದರೆ ಇಂತಹ ಕಾರ್ಯಕ್ರಮವೇ ಬೇಡವೇ? ಹಾಗಲ್ಲ. ಟಿಕೆಟು ಕೊಂಡವನ ಭಾವ ಶುದ್ಧವೋ ಅಲ್ಲವೋ, ಆ ಹಣದಿಂದ ತಂದ ಔಷಧ ರೋಗಿಯ ನೋವನ್ನು ನೀಗುತ್ತದೆ. ಬಂದಣಿಕೆಯ ಶಾಂತಿನಾಥ ಬಸದಿ ಯಾವ ತಾಲ್ಲೂಕಿನಲ್ಲಿದೆಯೆಂಬ ಪ್ರಶ್ನೆಗೆ ಉತ್ತರ ತಿಳಿಯದ ಶಿಕಾರಿಪುರದ ಮಕ್ಕಳು, ಅದು ತಮ್ಮದೇ ತಾಲ್ಲೂಕೆಂದು ಅರಿತು ಮನೆಗೆ ಹೋದರೆ ಅದೂ ಶಾಸ್ತ್ರದಾನದ ಒಂದು ಅಂಶವೇ ಸರಿ. ಆದರೆ ರೋಗಿಗೆ ಆದ ಉಪಕಾರವನ್ನು ತನ್ನ ಪುಣ್ಯದ ಖಾತೆಗೆ ಜಮಾ ಮಾಡಿಕೊಳ್ಳುವ ಆತುರ ಬೇಡ. ಟಿಕೆಟಿನ ಹಣವನ್ನು ವಿನೋದದ ಖರ್ಚಿಗೆ ಬರೆದು, ದಾನಕ್ಕೆಂದು ಬೇರೆಯೇ ಒಂದಿಷ್ಟನ್ನು ಎತ್ತಿಡುವ ಶ್ರಾವಕನ ಲೆಕ್ಕವೇ ಸರಿಯಾದ ಲೆಕ್ಕ.