ಕೇಳದೆ ಬಂದ ಉತ್ತರ

2022ರ ಜುಲೈನಲ್ಲಿ ಗೂಗಲ್‌ನ ಹಿರಿಯ ಉಪಾಧ್ಯಕ್ಷ ಪ್ರಭಾಕರ್ ರಾಘವನ್ ಒಂದು ಸಮ್ಮೇಳನದಲ್ಲಿ ಆಡಿದ ಮಾತು ಸಾಕಷ್ಟು ಸದ್ದು ಮಾಡಿತು. ಊಟಕ್ಕೆ ಎಲ್ಲಿ ಹೋಗೋಣ ಎಂದು ಹುಡುಕುವಾಗ ಸುಮಾರು ಶೇ 40ರಷ್ಟು ಯುವಜನ ಗೂಗಲ್‌ ಕಡೆ ತಿರುಗುವುದಿಲ್ಲ, ಟಿಕ್‌ಟಾಕ್ ಅಥವಾ ಇನ್‌ಸ್ಟಾಗ್ರಾಂ ತೆರೆಯುತ್ತಾರೆ ಎಂದರು ಅವರು. ಅಮೆರಿಕದ 18ರಿಂದ 24ರ ವಯಸ್ಸಿನವರ ನಡುವೆ ಕಂಪನಿಯೇ ನಡೆಸಿದ ಸಮೀಕ್ಷೆಯ ಲೆಕ್ಕ ಅದು. ಭಾರತದಲ್ಲಿ 2020ರ ಜೂನ್‌ನಲ್ಲೇ ಟಿಕ್‌ಟಾಕ್ ನಿಷೇಧವಾಯಿತು. ಆ ಜಾಗಕ್ಕೆ ಕೆಲವೇ ವಾರಗಳಲ್ಲಿ ರೀಲ್ಸ್, ಸೆಪ್ಟೆಂಬರ್ ಹೊತ್ತಿಗೆ ಯೂಟ್ಯೂಬ್ ಶಾರ್ಟ್ಸ್ ಬಂದು ಕೂತವು.

ಇಂಥ ಸುದ್ದಿ ಓದಿದ ಹಿರಿಯರು ಕೊರಗುವುದು ಒಂದೇ ಬಗೆಯಲ್ಲಿ: ಈ ಹುಡುಗರಿಗೆ ಮಾಹಿತಿಯೂ ಮನರಂಜನೆಯೇ ಆಗಿಬಿಟ್ಟಿತು. ಈ ಕೊರಗಿನಲ್ಲಿ ಹುರುಳು ಕಡಿಮೆ. ಹೋಟೆಲಿನ ಹೆಸರು, ವಿಳಾಸ ಓದುವುದಕ್ಕಿಂತ ಹೆಂಚಿನ ಮೇಲಿನ ದೋಸೆಯನ್ನೂ ಅಲ್ಲಿನ ಜನಸಂದಣಿಯನ್ನೂ ಕಣ್ಣಾರೆ ನೋಡಿ ಹೊರಡುವುದು ಜಾಣತನವೇ. ‘ನಮಸ್ಕಾರ ದೇವ್ರು’ ಎನ್ನುತ್ತಾ ಕ್ಯಾಮೆರಾ ಹಿಡಿದು ದೇಶದೇಶ ಸುತ್ತುವ ಯೂಟ್ಯೂಬರ್ ಡಾ. ಬ್ರೋ, ಅಫ್ಗಾನಿಸ್ತಾನದ ಬೀದಿಯನ್ನು ಕನ್ನಡದಲ್ಲಿ ತೋರಿಸಿದ್ದು ಮನರಂಜನೆಯೋ ಮಾಹಿತಿಯೋ ಎಂದು ಗೆರೆ ಎಳೆಯಲು ಹೋದರೆ ಗೆರೆಯೇ ಕೆಟ್ಟುಹೋಗುತ್ತದೆ.

ಈ ನಾಡಿನಲ್ಲಿ ಅಂಥ ಗೆರೆ ಇದ್ದದ್ದೂ ಅಷ್ಟಕ್ಕಷ್ಟೆ. ತಾಳಮದ್ದಳೆಯನ್ನೇ ನೋಡಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತು ಕಟ್ಟುತ್ತಾರೆ. ‘ವಾಲಿವಧೆ’ ಪ್ರಸಂಗದಲ್ಲಿ ಬಾಣ ನಾಟಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಯಾಕೆ ಹೊಡೆದೆ ಎಂದು ರಾಮನನ್ನು ಕೇಳುವ ಘಟ್ಟಕ್ಕೆ ಬಂದಾಗ ಸಭೆ ನಿದ್ದೆ ಮರೆಯುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥ ಕೇಳಲು ಜನ ಮೈಲುಗಟ್ಟಲೆ ನಡೆದು ಬರುತ್ತಿದ್ದರು, ಬಂದದ್ದು ಖುಷಿಗಾಗಿಯೇ. ಆದರೆ ಆ ಖುಷಿ ಕೇಳುಗನ ತಲೆಯಲ್ಲಿ ಒಂದು ಪ್ರಶ್ನೆಯನ್ನು ಹುಟ್ಟಿಸಿ, ಇಬ್ಬರಲ್ಲಿ ಯಾರು ಸರಿ ಎಂದು ಒದ್ದಾಡಿಸಿ, ಆಮೇಲೆ ಉತ್ತರದ ಕಡೆ ನಡೆಸುತ್ತಿತ್ತು.

ತಾಳಮದ್ದಳೆಗೂ ಇಂದಿನ ರೀಲ್ಸಿಗೂ ವ್ಯತ್ಯಾಸ ಇರುವುದು ಈ ಪ್ರಶ್ನೆಯಲ್ಲಿ. ಭಾರತೀಯ ತರ್ಕಶಾಸ್ತ್ರದ ಮೂಲಗ್ರಂಥವಾದ ಗೌತಮನ ನ್ಯಾಯಸೂತ್ರ ಮೊದಲ ಸೂತ್ರದಲ್ಲೇ ಹದಿನಾರು ಪದಾರ್ಥಗಳನ್ನು ಎಣಿಸುತ್ತದೆ. ತಿಳಿಯುವ ಸಾಧನವಾದ ಪ್ರಮಾಣ, ತಿಳಿಯಬೇಕಾದ ಪ್ರಮೇಯ ಇವುಗಳ ಬೆನ್ನಿಗೇ ಮೂರನೆಯದಾಗಿ ಬರುವುದು ಸಂಶಯ. ಅದಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಇನ್ನೂ ಸ್ಪಷ್ಟವಾಗಿ ಹೇಳುತ್ತಾನೆ: ಏನೇನೂ ಗೊತ್ತಿಲ್ಲದ ವಿಷಯದಲ್ಲಿ ವಿಚಾರ ಹೊರಡುವುದಿಲ್ಲ, ಆಗಲೇ ತೀರ್ಮಾನವಾದ ವಿಷಯದಲ್ಲೂ ಹೊರಡುವುದಿಲ್ಲ, ಸಂಶಯ ಎದ್ದಲ್ಲಿ ಮಾತ್ರ ಹೊರಡುತ್ತದೆ. ಒಂದರ ಹಿಂದೊಂದು ವಿಡಿಯೊ ತಂದು ಸುರಿಯುವ ಇಂದಿನ ಫೀಡ್ ಈ ಕ್ರಮವನ್ನು ತಲೆಕೆಳಗು ಮಾಡಿದೆ. ಅಲ್ಲಿ ಮೊದಲು ಉತ್ತರ ಬರುತ್ತದೆ. ಪ್ರಶ್ನೆ ಎಷ್ಟೋ ಸಲ ಬರುವುದೇ ಇಲ್ಲ.

ಇದು ಹುಡುಗರ ಸೋಮಾರಿತನದಿಂದ ಆದದ್ದಲ್ಲ, ವ್ಯವಸ್ಥೆಯನ್ನು ಕಟ್ಟಿರುವ ರೀತಿಯೇ ಹಾಗೆ. ಯೂಟ್ಯೂಬ್ 2012ರಲ್ಲಿ ತನ್ನ ಲೆಕ್ಕಾಚಾರವನ್ನು ಕ್ಲಿಕ್ಕಿನಿಂದ ನೋಡಿದ ಸಮಯಕ್ಕೆ ಬದಲಿಸಿತು; ಎಷ್ಟು ಜನ ಒತ್ತಿದರು ಎಂಬುದಕ್ಕಿಂತ ಎಷ್ಟು ಹೊತ್ತು ನಿಂತರು ಎಂಬುದು ಮುಖ್ಯವಾಯಿತು. 2018ರಲ್ಲಿ ಕಂಪನಿಯ ಉನ್ನತ ಅಧಿಕಾರಿ ನೀಲ್ ಮೋಹನ್, ಜನ ನೋಡುವ ಒಟ್ಟು ಸಮಯದಲ್ಲಿ ಶೇ 70ಕ್ಕೂ ಹೆಚ್ಚು ಪಾಲು ಶಿಫಾರಸುಗಳಿಂದಲೇ ಬರುತ್ತದೆ ಎಂದು ತಿಳಿಸಿದರು. ಹತ್ತು ನಿಮಿಷ ನೋಡಿದರೆ ಏಳು ನಿಮಿಷ ನೋಡಿದ್ದು ತಾನಾಗಿ ಹುಡುಕಿದ್ದಲ್ಲ.

ರಾತ್ರಿ ಊಟ ಮುಗಿಸಿ ಪಿಜಿ ಕೋಣೆಯ ಮಂಚದ ಮೇಲೆ ಒರಗಿದ ಹುಡುಗನ ಫೋನ್ ಇದಕ್ಕೆ ಸಾಕ್ಷಿ. ಕೊನೆಯ ಓವರಿನ ಸಿಕ್ಸರ್. ಬಿಳಿ ಕೋಟು ತೊಟ್ಟ ಒಬ್ಬಾತ, ಬೆಳಿಗ್ಗೆ ನಿಂಬೆರಸ ಕುಡಿದರೆ ಲಿವರ್ ಶುದ್ಧವಾಗುತ್ತದೆ ಎನ್ನುತ್ತಾನೆ. ಗಂಡ ಹೆಂಡತಿ ಜೋಕು. ಬಜೆಟ್ಟಿನಲ್ಲಿ ಯಾರಿಗೆ ಏನು ಸಿಕ್ಕಿತು, ಇಪ್ಪತ್ತು ಸೆಕೆಂಡಿನಲ್ಲಿ. ಮತ್ತೆ ಕ್ರಿಕೆಟ್. ಇವುಗಳಲ್ಲಿ ಯಾವುದೋ ಒಂದೆರಡು ನಿಜವೇ ಇರಬಹುದು. ಆದರೆ ಲಿವರ್ ಬಗ್ಗೆ ಅವನಿಗೆ ಆ ಹೊತ್ತಿನಲ್ಲಿ ಯಾವ ಸಂಶಯವೂ ಇರಲಿಲ್ಲ. ಹಾಗಾಗಿ ಕೇಳಿದ್ದನ್ನು ತೂಗಿ ನೋಡಲು ತಕ್ಕಡಿಯೂ ಇರಲಿಲ್ಲ. ತಿಂಗಳ ನಂತರ ಮನೆಯಲ್ಲಿ ಮಾತು ಬಂದಾಗ ‘ಎಲ್ಲೋ ನೋಡಿದ್ದೆ’ ಎಂಬ ಆಧಾರದ ಮೇಲೆ ಅದು ಹೊರಬರುತ್ತದೆ.

ಇದೇ ಹುಡುಗನನ್ನು ಬೆಳಿಗ್ಗೆ ಧಾರವಾಡದ ಸಪ್ತಾಪುರದ ಯಾವುದಾದರೂ ರೀಡಿಂಗ್ ರೂಮಿನಲ್ಲಿ ನೋಡಬೇಕು. ಎಫ್‌ಡಿಎ, ಪಿಎಸ್‌ಐ, ಕೆಎಎಸ್ ನೇಮಕಾತಿ ಪರೀಕ್ಷೆಗಳಿಗೆಂದು ಊರೂರುಗಳಿಂದ ಬಂದು ಓದುವವರ ಬೀಡು ಅದು. ಸುಗ್ರೀವಾಜ್ಞೆಯ ಆಯಸ್ಸು ಎಷ್ಟು ಎಂಬ ಪ್ರಶ್ನೆ ಎದುರಾಯಿತೆನ್ನಿ. ಒಂದು ಯೂಟ್ಯೂಬ್ ಕ್ಲಾಸಿನ ಮೇಷ್ಟ್ರು ಆರು ವಾರ ಎನ್ನುತ್ತಾರೆ, ಟೆಲಿಗ್ರಾಂನಲ್ಲಿ ಬಂದ ಪಿಡಿಎಫ್ ಆರು ತಿಂಗಳು ಎನ್ನುತ್ತದೆ. ವಿಡಿಯೊ ನಿಲ್ಲುತ್ತದೆ. ಸಂವಿಧಾನದ 213ನೇ ವಿಧಿಯ ಪಠ್ಯ ತೆರೆದರೆ, ಸದನ ಮತ್ತೆ ಸೇರಿದ ದಿನದಿಂದ ಆರು ವಾರ ಎಂದಿದೆ. ಎರಡು ಅಧಿವೇಶನಗಳ ನಡುವೆ ಆರು ತಿಂಗಳವರೆಗೆ ಅಂತರ ಇರಬಹುದು ಎಂಬ ಇನ್ನೊಂದು ವಿಧಿ ಇದರ ಜೊತೆ ಕಲಸಿಹೋದದ್ದು ಆಗ ಹೊಳೆಯುತ್ತದೆ. ಫೋನ್ ಅದೇ, ಡೇಟಾ ಪ್ಯಾಕ್ ಅದೇ, ಹುಡುಗನೂ ಅವನೇ. ಈ ಸಲ ಅವನ ಕೈಯಲ್ಲಿ ಪ್ರಶ್ನೆ ಇತ್ತು.

ಪ್ರಶ್ನೆ ಮೊದಲು ಇರಬೇಕು ಎಂಬ ಈ ಮಾತಿಗೆ ಒಂದು ಬಲವಾದ ಆಕ್ಷೇಪ ಇದೆ, ಅದನ್ನು ಹಗುರವಾಗಿ ಕಾಣಲಾಗದು. ಏನು ಕೇಳಬೇಕು ಎಂಬುದೇ ಗೊತ್ತಿಲ್ಲದವರು ಪ್ರಶ್ನೆಯನ್ನು ಎಲ್ಲಿಂದ ತರಬೇಕು? 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಗುವ ಮುಂಚೆ ಎಷ್ಟೋ ಹಳ್ಳಿಯ ಹುಡುಗಿಯರಿಗೆ ಗ್ರಂಥಾಲಯವೂ ಇರಲಿಲ್ಲ, ಊರಾಚೆಯ ಬದುಕಿನ ಕಲ್ಪನೆಯೂ ಇರಲಿಲ್ಲ. ಕೇಳದೆ ಬಂದ ವಿಡಿಯೊ ಒಂದು ಹೊಸ ಆಸೆ ಹುಟ್ಟಿಸಿದ್ದರೆ ಅದು ಸಣ್ಣ ಉಪಕಾರವಲ್ಲ. ದಿನಪತ್ರಿಕೆಯೂ ಕೇಳದ್ದನ್ನೇ ತಂದು ಮುಂದಿಡುತ್ತಿತ್ತಲ್ಲ? ನಿಜ. ಆದರೆ ಪತ್ರಿಕೆ ಎಲ್ಲರಿಗೂ ಒಂದೇ ಪುಟ ಕೊಡುತ್ತಿತ್ತು, ಕೊನೆಯ ಪುಟಕ್ಕೆ ಮುಗಿಯುತ್ತಿತ್ತು, ತಪ್ಪಾದರೆ ಕೇಳಲು ಸಂಪಾದಕರಿದ್ದರು. ಫೀಡ್ ತರುವುದು ನೋಡುಗ ನಿನ್ನೆ ಎಲ್ಲಿ ನಿಂತಿದ್ದನೋ ಅದರ ಇನ್ನೊಂದು ತುಂಡನ್ನು. ಹೊಸ ಆಸೆ ಹುಟ್ಟಿಸಿದ ಆ ವಿಡಿಯೊದ ನಂತರ, ನೋಡಿದ ಹುಡುಗಿ ಫೀಡನ್ನು ಬಿಟ್ಟು ಹುಡುಕಲು ಹೊರಡುವುದು ಫೀಡಿನ ಲೆಕ್ಕದಲ್ಲಿ ನಷ್ಟ.

ಯಾರ ಮಾತನ್ನು ನಂಬಬೇಕು ಎಂಬುದಕ್ಕೂ ನ್ಯಾಯದರ್ಶನ ಉತ್ತರ ಕೊಡುತ್ತದೆ: ಆಪ್ತನ ಮಾತನ್ನು. ಆಪ್ತ ಅಂದರೆ ವಿಷಯವನ್ನು ತಾನೇ ಕಂಡು ತಿಳಿದವನು, ತಿಳಿದಂತೆಯೇ ಹೇಳುವ ಮನಸ್ಸುಳ್ಳವನು. ಎರಡೂ ಬೇಕು. ವಾಟ್ಸ್‌ಆ್ಯಪ್ ಗುಂಪಿನ ಗೆಳೆಯನಲ್ಲಿ ಎರಡನೆಯದು ಧಾರಾಳವಾಗಿರುತ್ತದೆ, ಮೊದಲನೆಯದು ಇರುವುದಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವದಂತಿ ನಂಬಿದ ಗುಂಪು ಹೈದರಾಬಾದಿನ ಒಬ್ಬ ಯುವ ಎಂಜಿನಿಯರನ್ನು ಕೊಂದಿತು. ದಾರಿಯಲ್ಲಿ ಜೊತೆಗಿದ್ದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ತಪ್ಪಾಗಿತ್ತು. ಅವರ ಕಾರು ಮುರ್ಕಿಗೆ ಬರುವ ಮೊದಲೇ ವಾಟ್ಸ್‌ಆ್ಯಪ್ ಸಂದೇಶ ಬಂದಿತ್ತು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವ ಮಿತಿ ಹೇರಲು ಮುಂದಾಯಿತು. ಆದರೆ ಕಳಿಸಿದವರು ತಾವಾಗಿ ಏನನ್ನಾದರೂ ಕಂಡಿದ್ದರೇ ಎಂದು ಕೇಳುವ ಅಭ್ಯಾಸವನ್ನು ಯಾವ ಆ್ಯಪೂ ತರಲಾರದು.

ಇನ್ನು ಪ್ರಶ್ನೆ ಎದ್ದವರ ಪಾಡು. ಮಲೆನಾಡಿನ ಯುವ ಕೃಷಿಕನೊಬ್ಬ ಅಡಿಕೆಯ ಎಲೆಚುಕ್ಕೆ ರೋಗಕ್ಕೆ ಪರಿಹಾರವನ್ನು ಕನ್ನಡದಲ್ಲಿ ಹುಡುಕಲಿ. ವಿಡಿಯೊಗಳಿಗೆ ಬರವಿಲ್ಲ, ಔಷಧಿ ಮಾರುವವರೂ ಅಲ್ಲಿದ್ದಾರೆ. ನಿಂತು ಓದಬಹುದಾದ, ಯಾರು ಬರೆದರು ಎಂದು ತಿಳಿಯುವ ಬರಹ ಮಾತ್ರ ಅಪರೂಪ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಲೇಖನಗಳ ಸಂಖ್ಯೆ ಇನ್ನೂ ಕೆಲವು ಹತ್ತು ಸಾವಿರಗಳಲ್ಲೇ ಇದೆ, ಇಂಗ್ಲಿಷಿನದು 70 ಲಕ್ಷ ದಾಟಿದೆ. ಇನ್ನೂ ನೋವಿನ ಸಂಗತಿ, ಕನ್ನಡದಲ್ಲಿ ಬರೆದಿಟ್ಟದ್ದು ಇದ್ದೂ ಸಿಗದಿರುವುದು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪಾದ ಇಲಾಖೆಗಳ ಕೈಪಿಡಿಗಳು, ಸ್ಕ್ಯಾನ್ ಮಾಡಿ ಏರಿಸಿದ ಪುಸ್ತಕಗಳು ಯೂನಿಕೋಡ್‌ನಲ್ಲಿ ಇಲ್ಲದ ಕಾರಣ ಹುಡುಕಾಟದ ಕಣ್ಣಿಗೆ ಬೀಳುವುದು ಕಡಿಮೆ. ಹುಡುಕಿ ಸೋತವನು ಮತ್ತೆ ರೀಲ್ಸಿಗೆ ಮರಳುತ್ತಾನೆ. ಅಲ್ಲಿ ಕನ್ನಡ ತುಂಬಿ ತುಳುಕುತ್ತಿದೆ. ಯುವಜನ ಫೋನಿನಲ್ಲಿ ಕಾಲ ಕಳೆಯುತ್ತಾರೆ ಎಂದು ದೂರುವ ವಿಶ್ವವಿದ್ಯಾಲಯಗಳೂ ಇಲಾಖೆಗಳೂ ತಮ್ಮ ಕಪಾಟಿನ ಕೈಪಿಡಿಗಳನ್ನು ಯೂನಿಕೋಡ್‌ಗೆ ಬದಲಿಸಿ, ಬರೆದವರ ಹೆಸರು ಮತ್ತು ಇಸವಿಯ ಸಮೇತ ಏರಿಸಲಿ. ಈ ಕೆಲಸಕ್ಕೆ ತಂತ್ರಾಂಶ ಇದೆ, ಮಾಡಬಲ್ಲ ಹುಡುಗ ಹುಡುಗಿಯರು ಪ್ರತಿ ಕಾಲೇಜಿನಲ್ಲೂ ಇದ್ದಾರೆ.