ಹುಳುವಿಗೆ ಗುರುತುಂಟು, ಮನುಷ್ಯನಿಗೆ?



ಇಂದಿನ ಚಿಂತನೆ

ಚಿಕ್ಕನಾಯಕನಹಳ್ಳಿಯ ನಮ್ಮ ಮನೆ ಹಿತ್ತಲಲ್ಲಿ, ತೆಂಗಿನ ಮರಗಳ ಆಚೆ, ನಾಲ್ಕು ಸಾಲು ಸೇವಂತಿಗೆ, ಚೆಂಡುಹೂವು ಇವೆ. ಈ ಸಲ ಮೊಗ್ಗಿಗೆಲ್ಲ ತೂತು ಬಿದ್ದವು. ಹುಡುಕಿದರೆ ಒಂದು ಗಿಡದಲ್ಲಿ ಹಸಿರು ಹುಳು, ಇನ್ನೊಂದರಲ್ಲಿ ಕಂದು ಹುಳು. ಹಸಿರಿನದು ಎಲೆ ತಿನ್ನುವ ಪಾಪದ ಪ್ರಾಣಿ, ಕಂದಿನದೇ ಕಳ್ಳ ಎಂದುಕೊಂಡೆ. ಕಂದು ಹುಳುಗಳನ್ನಷ್ಟೇ ಆರಿಸಿ ಸೋಪಿನ ನೀರಿಗೆ ಹಾಕಿದೆ. ಮೊಗ್ಗು ಹಾಳಾಗುವುದು ನಿಲ್ಲಲಿಲ್ಲ.

ಆಮೇಲೆ ತಿಳಿಯಿತು, ಎರಡೂ ಒಂದೇ. ತೊಗರಿ ಬೆಳೆಯುವವರು ಕಾಯಿಕೊರಕ ಎನ್ನುವ ಹೆಲಿಕೋವರ್ಪ. ಅದರ ಹುಳು ಹಸಿರು, ಕಂದು, ನಸುಗೆಂಪು, ಯಾವ ಬಣ್ಣದಲ್ಲೂ ಇರಬಹುದು. ನೋಡಬೇಕಾದದ್ದು ಬೇರೆ: ಮೈಯ ಎರಡೂ ಪಕ್ಕ ಉದ್ದಕ್ಕೂ ಬಿಳಿಚು ಗೆರೆ; ತಲೆ ಮೊಗ್ಗಿನೊಳಗೆ, ಅರ್ಧ ಮೈ ಹೊರಗೆ ಇಟ್ಟು ತಿನ್ನುವ ರೀತಿ. ಮಣ್ಣಿನಲ್ಲಿ ಕೋಶವಾಗಿ ಹೊರಬರುವ ಪತಂಗಕ್ಕೆ ಮುಂದಿನ ರೆಕ್ಕೆಯಲ್ಲಿ ಹುರುಳಿಕಾಯಿ ಬೀಜದ ಆಕಾರದ ಕಪ್ಪು ಮಚ್ಚೆ, ಹಿಂದಿನ ರೆಕ್ಕೆಗೆ ಕಪ್ಪು ಅಂಚು.

ಹುಳು ಕೊಂದದ್ದು ಶೀಲಕ್ಕೆ ಸರಿಯೇ ಎಂದು ಯಾರಾದರೂ ಕೇಳಬಹುದು. ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಬಯಕೆ ಬೇರೆ ಎಂದು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ವಿವರಿಸಿದ್ದಾರೆ. ನನ್ನನ್ನು ಕಾಡಿದ್ದು ಇನ್ನೊಂದು. ಸರಿಯಾಗಿ ನೋಡದೆ, ಬರೀ ಬಣ್ಣದ ಮೇಲೆ ತೀರ್ಪು ಕೊಟ್ಟೆನಲ್ಲ!

ಆಗ ಸುತ್ತನಿಪಾತದ ವಾಸೆಟ್ಠ ಸುತ್ತ ನೆನಪಾಯಿತು. ಬ್ರಾಹ್ಮಣ ಆಗುವುದು ಹುಟ್ಟಿನಿಂದಲೋ ನಡತೆಯಿಂದಲೋ ಎಂದು ಇಬ್ಬರು ತರುಣರು ವಾದಿಸಿ ಬುದ್ಧರ ಬಳಿ ಬರುತ್ತಾರೆ. ಭಗವಾನರು ಹುಲ್ಲು, ಮರದಿಂದ ಶುರುಮಾಡಿ ಹುಳು, ಪತಂಗ, ಇರುವೆಗೆ ಬರುತ್ತಾರೆ. ಇವುಗಳಿಗೆಲ್ಲ ಹುಟ್ಟಿನಿಂದಲೇ ಬಂದ ಬೇರೆ ಬೇರೆ ಗುರುತುಗಳಿವೆ. ಮನುಷ್ಯರಲ್ಲಿ ಕೂದಲಿನಿಂದ ಕಾಲಿನವರೆಗೆ ಹುಡುಕಿದರೂ ಅಂಥದ್ದಿಲ್ಲ ಎಂದು ತೋರಿಸುತ್ತಾರೆ.

ಇಲ್ಲದ ಗುರುತನ್ನು ಹುಡುಕಲೆಂದೇ ನಮ್ಮೂರುಗಳಲ್ಲಿ ಒಂದು ಪ್ರಶ್ನೆ ಇದೆ: "ನೀವು ಯಾರ ಪೈಕಿ?" ಆ ಪ್ರಶ್ನೆಯ ಬಿಸಿ ನಮಗೆಲ್ಲ ಗೊತ್ತು. ಆದರೂ ಹೋದ ತಿಂಗಳು ನಮ್ಮ ವಂದನೆಗೆ ಹೊಸದಾಗಿ ಬಂದವರೊಬ್ಬರನ್ನು ನಾನೇ ಸುತ್ತಿ ಬಳಸಿ ಕೇಳಿದೆ, ಎಡಗೈಯೋ ಬಲಗೈಯೋ ತಿಳಿಯಲೆಂದು. ಅವರ ಮುಖ ಸಣ್ಣದಾಯಿತು. ಉತ್ತರ ಹೇಳಿ ಬೇಗ ಎದ್ದು ಹೋದರು.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮನುಷ್ಯರೆಲ್ಲ ಸಮಾನರು ಎಂಬುದೂ ಒಂದು. ಅದನ್ನು ಬಾಯಿಪಾಠ ಒಪ್ಪಿಸಿದವನೇ ನಾನು. ಹುಳುವಿನ ವಿಷಯದಲ್ಲಿ ತಪ್ಪಿದ್ದಕ್ಕೆ ಹೋದದ್ದು ನಾಲ್ಕು ಹೂವು. ಇಲ್ಲಿ ಹೋದದ್ದು ಒಬ್ಬ ಮನುಷ್ಯ.

ಈ ಭಾನುವಾರ ಅವರ ಮನೆಗೆ ಹೋಗಿ ಕ್ಷಮೆ ಕೇಳುವವನಿದ್ದೇನೆ. ನೀವೂ ಇಂದು ಹೊಸಬರು ಸಿಕ್ಕರೆ "ಊಟ ಆಯ್ತಾ" ಎಂದಷ್ಟೇ ಕೇಳಿ.

ಭವತು ಸಬ್ಬ ಮಂಗಲಂ.